ಕಾಪುವಿನಲ್ಲಿ ಸ್ಟಾಪಿಲ್ಲ

ಇಪ್ಪತ್ತೆರಡು ವರ್ಷ ಈ ಎಡಗೈಯೇ ನನ್ನ ಗಲ್ಲಾಪೆಟ್ಟಿಗೆ.
ನೋಟನ್ನು ಉದ್ದಕ್ಕೆ ಮಡಚಿ
ಹತ್ತರದ್ದು ತೋರುಬೆರಳಿನ ಸಂದಿಗೆ, ಇಪ್ಪತ್ತರದ್ದು ನಡುಬೆರಳಿಗೆ,
ನೂರು ಉಂಗುರಬೆರಳಿನ ಆಚೆ,
ಐನೂರು ಮಾತ್ರ ಒಳಕಿಸೆಗೆ.
ಕರೆಂಟು ಹೋದ ಸುರತ್ಕಲ್ಲಿನಲ್ಲೂ
ಕಣ್ಣು ರಸ್ತೆಯಲ್ಲಿಟ್ಟೇ ಚಿಲ್ಲರೆ ಕೊಟ್ಟವನು.
ಬಸ್ಸಿನ ತಗಡಿಗೆ ಒಂದು ಪೆಟ್ಟು ಬಿದ್ದರೆ ನಿಲ್ಲು,
ಎರಡು ಬಿದ್ದರೆ ರೈಟ್, ಪೋಯಿ.
ಹಸನಾಕನಿಗೆ ಕನ್ನಡಿ ಬೇಡ, ನನ್ನ ಅಂಗೈ ಸಾಕಿತ್ತು.

ಕೊಟ್ಟಾರ ಚೌಕಿಯಲ್ಲಿ ಆ ದಿನ
ಎರಡನೆಯ ಪೆಟ್ಟು ತಗಡಿಗೆ ಬೀಳಲಿಲ್ಲ.
ನಿಂತ ನೀರಿನ ಟ್ಯಾಂಕರಿಗೂ ನಮ್ಮ ಬಸ್ಸಿಗೂ ನಡುವೆ
ಒಂದು ಕೈಯಷ್ಟೇ ಜಾಗ ಇತ್ತು.
ಕೈ ಅಲ್ಲೇ ಇತ್ತು.
ನೋವು ಆಮೇಲೆ ಬಂತು ಮಾರಾಯ್ರೆ, ಲೇಟಾದ ಸರ್ವಿಸ್ ಬಸ್ಸಿನ ಹಾಗೆ.
ಮೊದಲು ಕಂಡದ್ದು ಗಾಳಿಗೆ ಹಾರುವ ನೋಟು.
"ಹೆಕ್ಕಿ, ಹೆಕ್ಕಿ, ಇವತ್ತಿನ ಕಲೆಕ್ಷನ್" ಎಂದು ಬೊಬ್ಬೆ ಹಾಕಿದೆನಂತೆ.
ಜನ ಹೆಕ್ಕಿದರು.
ಲೆಕ್ಕಕ್ಕೆ ನೂರಾ ಮೂವತ್ತು ಮಾತ್ರ ಕಮ್ಮಿ ಬಂತು.
ಒಳ್ಳೆಯ ಊರು ನಮ್ಮದು.

ಮೂರು ವಾರ ಕೈಯನ್ನು ಹೊಟ್ಟೆಗೇ ಹೊಲಿದಿಟ್ಟಿದ್ದರು,
ಕಿಸೆಗಳ್ಳರಿಗೆ ಹೆದರಿದವನಂತೆ ಮಲಗಿದ್ದೆ.
ಬಿಡಿಸಿದಾಗ ನಾಲ್ಕೇ ಬೆರಳು, ಮುಂಗೈ ಮೇಲೆ ಹೊಟ್ಟೆಯ ಚರ್ಮ.
ಬೊಜ್ಜು ಬಂದರೆ ಕೈಗೂ ಬರುತ್ತದಂತೆ.
"ನಲವತ್ತೇಳರ ನರ, ಸ್ವಲ್ಪ ನಿಧಾನ" ಎಂದರು ಡಾಕ್ಟರು,
"ದಿನಕ್ಕೆ ಒಂದು ಮಿಲಿಮೀಟರ್, ಅದೂ ಹೆಚ್ಚೇ."
ಉಡುಪಿಯಿಂದ ಸ್ಟೇಟ್ ಬ್ಯಾಂಕಿಗೆ ಐವತ್ತೈದು ನಿಮಿಷದಲ್ಲಿ
ಬಸ್ಸು ಮುಟ್ಟಿಸಿದವನು ನಾನು.
ಮಣಿಕಟ್ಟಿನಿಂದ ಬೆರಳತುದಿಗೆ ಆರು ತಿಂಗಳು.

ಬೆಳಿಗ್ಗೆ ಅಂಗಿಯ ಗುಬ್ಬಿ ಹಾಕಲು
ಯಮುನ ಕೆಳಗಿನಿಂದ ಹೊರಡುತ್ತಾಳೆ, ನಾನು ಮೇಲಿನಿಂದ.
ಎಲ್ಲೋ ಮುಲ್ಕಿಯ ಹತ್ತಿರ ದಾಟುತ್ತೇವೆ, ಮಾತಿಲ್ಲ.
ಸಂಜೆ ಅವಳ ಬೆರಳು ಬೀಡಿಯ ಮೇಲೆ ಓಡುವಾಗ
ಗೋಡೆ ನೋಡುತ್ತೇನೆ.

ಮಣಿಪಾಲದಲ್ಲಿ ಶೈನಿ ಲೋಬೊ, ಮಗಳ ಪ್ರಾಯದವಳು,
ರಾಗಿ ತುಂಬಿದ ತಟ್ಟೆಯಲ್ಲಿ ನಾಣ್ಯ ಹೂತು
"ಕಣ್ಣು ಮುಚ್ಚಿ ತೆಗೀರಿ. ಒಂದಾ, ಎರಡಾ?" ಕೇಳುತ್ತಾಳೆ.
ನನಗೆ! ಒಂದಾ, ಎರಡಾ!
ತುಂಬ ಹೊತ್ತು ತಡಕಿ "ಗೊತ್ತಿಲ್ಲ" ಎಂದೆ.
"ಪರವಾಗಿಲ್ಲ ಅಂಕಲ್" ಎಂದಳು.
ಟ್ಯಾಂಕರಾದರೂ ಅಂಕಲ್ ಎಂದಿರಲಿಲ್ಲ.

ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟಿ ಬರಬೇಕು, ದಿನಕ್ಕೆ ನೂರು ಸಲ.
ಹೆಬ್ಬೆರಳು ಉಡುಪಿ. ತೋರುಬೆರಳು ಕಟಪಾಡಿ.
ಉಂಗುರಬೆರಳು ಪಡುಬಿದ್ರಿ, ಕಿರುಬೆರಳು ಮುಲ್ಕಿ.
"ಒಂದು ಬಿಟ್ಟಿರಲ್ಲ" ಎಂದಳು ಊರು ಬಲ್ಲವಳು.
"ಕಾಪುವಿನಲ್ಲಿ ಸ್ಟಾಪಿಲ್ಲ ಅಮ್ಮ, ಇದು ಎಕ್ಸ್‌ಪ್ರೆಸ್."
ನಕ್ಕಳು. ಆಮೇಲೆ ಫೈಲು ನೋಡುತ್ತ ಕೂತಳು.

ವಾಪಸ್ ಬರುವಾಗ ನಮ್ಮದೇ ಬಸ್ಸು.
ಹೊಸ ಹುಡುಗ ಟಿಕೆಟ್ ಕೇಳುವುದಿಲ್ಲ, ಬಾಗಿಲ ಹತ್ತಿರದ ಸೀಟು ಕೊಡುತ್ತಾನೆ.
ಅವನ ಕೊರಳಲ್ಲಿ ಸ್ಕ್ಯಾನಿನ ಚೀಟಿ,
ದುಡ್ಡು ಬಂದದ್ದನ್ನು ಹೆಣ್ಣುಸ್ವರವೊಂದು ಹೇಳುತ್ತದೆ.
ಹತ್ತೂ ಬೆರಳು ಗಟ್ಟಿ ಉಂಟು ಅವನಿಗೆ. ಹಿಡಿಯಲು ಏನೂ ಇಲ್ಲ.

ಉಚ್ಚಿಲದಲ್ಲಿ ಮೀನಿನ ಬುಟ್ಟಿ ಹಿಡಿದು ಹತ್ತಿದ ಗುಲಾಬಿಯಕ್ಕ
ಹಳೆಯ ಅಭ್ಯಾಸ, ನನ್ನತ್ತಲೇ ಚಾಚಿದಳು ನೋಟು.
ನಾನೂ ಹಳಬ, ಎಡಗೈ ಚಾಚಿದೆ.
ಕಟಪಾಡಿಯೂ ಪಡುಬಿದ್ರಿಯೂ
ಒಂದೇ ಸೀಟಿನ ಇಬ್ಬರು ಅಪರಿಚಿತರಂತೆ
ಸ್ವಲ್ಪ ಸರಿದು, ಸ್ವಲ್ಪ ಒರಗಿ
ಇಪ್ಪತ್ತನ್ನು ಹಿಡಿದುಕೊಂಡವು.
ಬೀಳಲಿಲ್ಲ.
ಬಸ್ಸು ಹೊಂಡ ಹಾರಿತು. ಆಗಲೂ ಬೀಳಲಿಲ್ಲ.
ಆಮೇಲೆ, ಎಲ್ಲಿಂದಲೋ, ತುಂಬ ಕೆಳಗಿನಿಂದ
ಒಂದು ಸುದ್ದಿ ಮೇಲೆ ಬಂತು:
ಒದ್ದೆ.
ನೋಟು ಒದ್ದೆ ಉಂಟು, ತಣ್ಣಗೆ ಉಂಟು,
ಮೂಲೆಯಲ್ಲಿ ಬಂಗುಡೆಯ ಹುರುಪೆ ಒಂದು ಅಂಟಿ ಉಂಟು.

"ಐದು ಕಮ್ಮಿ ಉಂಟಲ್ಲ ಅಕ್ಕ" ಎನ್ನುತ್ತಿದ್ದ ಹುಡುಗ.
ನಾನು ಕೊಡಲಿಲ್ಲ ಇನ್ನೂ.