ಇಳಿಸುವವರು

ಗಂಜಿನ ಗೇಟು ತೆರೆಯುವ ಮೊದಲೇ, ಬೆಳಗಿನ ಐದಕ್ಕೆ,
ಟೈರ್ ಅಂಗಡಿಯ ಮೇಲಂತಸ್ತಿನ ಶಟರ್ ಎತ್ತುತ್ತಾನೆ ಖಾಸಿಂ.
ದಿನದ ಮೊದಲ ಭಾರ ಅದೇ.
ತುಕ್ಕು ಹಿಡಿದ ರಾಡು, ಸಿಮೆಂಟು ತುಂಬಿದ ಡಬ್ಬಿಗಳು,
ಅಂಗೈಗೆ ಒಂದಿಷ್ಟು ಸುಣ್ಣದ ಪುಡಿ.
ನಾನು ಪ್ರಿಸ್ಕಿಲ್ಲಾ, ಔಷಧಿ ಅಂಗಡಿಯ ಲೆಕ್ಕದಾಕೆ,
ಕುತ್ತಿಗೆಯ ಗುಳಿಯಲ್ಲಿ ಬೆವರಿಗಂಟಿದ ಸಣ್ಣ ಶಿಲುಬೆ.

ಶಕ್ತಿನಗರ ಇಲ್ಲೇ, ಇಪ್ಪತ್ತು ಕಿಲೋಮೀಟರು.
ನಾಡಿಗೆಲ್ಲ ಕರೆಂಟು ಕೊಡುತ್ತದಂತೆ.
ನಮ್ಮ ಫ್ಯಾನು ಐದೂವರೆಗೆ ನಿಲ್ಲುತ್ತದೆ.
ಕತ್ತಲಲ್ಲೇ ಎಣಿಸುತ್ತೇನೆ, ಒಂದು, ಎರಡು,
ಮೂರು ಎನ್ನುವಾಗ
ಆತನ ಹೆಸರು ತಾನಾಗಿ ಬಾಯಿಗೆ ಬರುತ್ತದೆ.
ಪ್ರಾರ್ಥನೆಯೋ, ಏದುಸಿರೋ,
ಕೇಳಿಸಿಕೊಳ್ಳುವವನು ಬೇರ್ಪಡಿಸಿಕೊಳ್ಳಲಿ.

ಸಮಾಧಾನಪ್ಪ ನಗುತ್ತಾರೆ:
'ನಾವು ಚೀಲಕ್ಕ ಇಷ್ಟು ಅಂತ ರೊಕ್ಕ ತಗೊಂಡು ಎತ್ತಿದ್ವಿ,
ನೀ ರೊಕ್ಕ ಕೊಟ್ಟು ಎತ್ತತಿ!
ಎತ್ತಿ ಮತ್ತ ಎಲ್ಲಿ ಇಡತಿ?'
ಅಲ್ಲೇ, ಎಂದೆ.
'ಅಲ್ಲೇ ಇಡಾಕ ಯಾಕ ಎತ್ತಬೇಕವ್ವ?'

ಮೂವತ್ತು ವರ್ಷ ಗಂಜಿನಲ್ಲಿ
ಹತ್ತಿಯ ಅಂಡಿಗೆ, ಭತ್ತದ ಚೀಲ ಹೊತ್ತ ಬೆನ್ನು ಅದು.
ಲಾರಿಯ ಹಲಗೆ ಜಾರಿದ ದಿನದಿಂದ
ಸೊಂಟದ ಕೆಳಗೆ ಅವರಿಗೆ ಅವರೇ ಒಂದು ಮೂಟೆ.
ಅವರ ಪ್ರಶ್ನೆ ರಾತ್ರಿ ನನ್ನ ಮಗ್ಗುಲಲ್ಲೇ ಮಲಗಿತು.
ಮೊಣಕಾಲೂರಿ ನಾನು ಮಾಡುವುದೂ ಅದೇ ಅಲ್ಲವೇ:
ದಿನಾ ಎತ್ತುತ್ತೇನೆ, ದಿನಾ ಅಲ್ಲೇ ಇಡುತ್ತೇನೆ,
ಎದ್ದು ನೋಡಿದರೆ ಲೋಕ ಇದ್ದಲ್ಲೇ ಇದೆ,
ಮೊಣಕಾಲಿಗೊಂದು ಜಡ್ಡು ಬಂದಿದೆ, ಅಷ್ಟೆ.

ನಮ್ಮ ಚರ್ಚಿಗೆ ಏಳು ಮೆಟ್ಟಿಲು.
ಕಟ್ಟಿಸಿದ ದೊರೆಗಳಿಗೆ ಕಾಲಿದ್ದವು.
ಇಳಿಜಾರು ಮಾಡಿಸುವ ಮಾತು
ಮೂರು ಕ್ರಿಸ್‌ಮಸ್ಸಿನಿಂದ ಕಮಿಟಿಯಲ್ಲಿದೆ.
ಅಲ್ಲಿಯವರೆಗೆ ಗಾಲಿಕುರ್ಚಿಗೆ ನಾಲ್ವರು:
ಜಯಶೀಲ, ಅವನ ಭಾವ ದೇವಪುತ್ರ,
ರೈಸ್‌ಮಿಲ್ಲಿನ ತೋಮಪ್ಪ, ಹಾಲಿನ ಅಬ್ನೇರ.

ಏಪ್ರಿಲ್ಲಿನ ಆ ಭಾನುವಾರ ಅಬ್ನೇರನ ಎಮ್ಮೆ ಈಯಿತು.
ಕುರ್ಚಿ ಬಿಸಿಲಲ್ಲಿ ನಿಂತಿತ್ತು.
ಚಪ್ಪಲಿ ಬಿಟ್ಟೆ, ಸೆರಗು ಸಿಕ್ಕಿಸಿದೆ, ನಾಲ್ಕನೆಯ ಮೂಲೆ ಹಿಡಿದೆ.
'ಅಯ್ಯೋ ಯೇಸುವೇ, ಹೆಣ್ಮಗಳು, ಗರ್ಭಕೋಶ ಜಾರೀತು!'
ಸುಜ್ಞಾನಮ್ಮ ಕೊಡೆ ಬೀಳಿಸಿದರು.
ಜಾರಲಿಲ್ಲ.
ಹೊಟ್ಟೆಗೆ ಉಸಿರು, ನೆಲಕ್ಕೆ ಹಿಮ್ಮಡಿ,
ಖಾಸಿಂ ಬೈದು ಕಲಿಸಿದ ನೆಟ್ಟನೆಯ ಬೆನ್ನು.
ಐದನೆಯ ಮೆಟ್ಟಿಲಲ್ಲಿ ತೋಮಪ್ಪನ ಮೂಲೆ ಅಲುಗಿತು,
ನನ್ನದು ಅಲುಗಲಿಲ್ಲ.
ಹೆಮ್ಮೆ ಬಂತು.
ಅದನ್ನೂ ಬಾಗಿಲಲ್ಲೇ ಇಟ್ಟೆ, ಪೂರ್ತಿ ಅಲ್ಲ.

ಪ್ರಸಂಗದುದ್ದಕ್ಕೂ ನನ್ನ ಕಣ್ಣ ಮುಂದೆ
ಸಂಡೇ ಸ್ಕೂಲಿನ ಗೋಡೆಯ ಚಿತ್ರ.
ನಮ್ಮ ಸೀಮೆಯದೇ ಎನ್ನುವಂಥ ಮಣ್ಣಿನ ಮಾಳಿಗೆ,
ಜಂತಿ ಸರಿಸಿ, ಮಣ್ಣು ಕೆದರಿ,
ಹಾಸಿಗೆ ಇಳಿಬಿಡುತ್ತಿರುವ ನಾಲ್ವರು.
ಚಿಕ್ಕಂದಿನಲ್ಲಿ ಎಲ್ಲರ ಹಾಗೆ
ಎದ್ದು ನಡೆದವನನ್ನೇ ನೋಡುತ್ತಿದ್ದೆ.
ಈಗ ಮೇಲೆ ನೋಡುತ್ತೇನೆ, ಹಗ್ಗ ಹಿಡಿದ ಕೈಗಳನ್ನು.
ಎತ್ತುವುದು ರೊಚ್ಚಿಗೂ ಬರುತ್ತದೆ.
ಇಳಿಸುವುದು ಹಾಗಲ್ಲ:
ಹಗ್ಗ ನಾಲ್ಕು, ವೇಗ ಒಂದೇ,
ಒಬ್ಬ ಆತುರಪಟ್ಟರೆ ಮಲಗಿದವನು ಓರೆ.
ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.
ಮರುದಿನ ಭುಜ ನೋಯಿತೋ,
ಮಾಳಿಗೆಗೆ ಮತ್ತೆ ಮಣ್ಣು ಹಾಕಿಸಿದವರು ಯಾರೋ.

ಆರಾಧನೆ ಮುಗಿಯಿತು.
ಸಮಾಧಾನಪ್ಪ ಎದ್ದು ನಡೆಯಲಿಲ್ಲ.
ಹನ್ನೊಂದು ವರ್ಷದಿಂದ ನಡೆದಿಲ್ಲ,
ಹಾಡುವಾಗ ಮಾತ್ರ ಎಲ್ಲರಿಗಿಂತ ಒಂದು ಸ್ವರ ಮೇಲೆ.
ಮತ್ತೆ ಅದೇ ಏಳು ಮೆಟ್ಟಿಲು, ಈ ಸಲ ಕೆಳಕ್ಕೆ.
ನನ್ನ ಮಣಿಕಟ್ಟಿನ ಮೇಲೆ ಅವರ ಕೈ,
ನನ್ನ ಜಡ್ಡುಗಳಿಗೆ ಅಜ್ಜನಂಥ ಜಡ್ಡು.
'ಮೆಲ್ಲಕ,' ಎಂದರು,
'ಚೀಲ ಇಳಿಸಾದು ನೋಡಿದ್ರ ತಿಳೀತದ ಹಮಾಲಿ ಎಂಥಾವ ಅಂತ.'

ಕೊನೆಯ ಮೆಟ್ಟಿಲು. ಗಾಲಿ ನೆಲ ಮುಟ್ಟಿದ್ದು
ಕಾಲಡಿಯ ಇರುವೆಗೂ ಕೇಳಲಿಲ್ಲ.
'ಎಲ್ಲಿ ಕಲಿತಿ ಇದನ್ನ?'
'ಎತ್ತಿ, ಅಲ್ಲೇ ಇಟ್ಟು.'

ಅವರು ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಅಂಗೈ ತಿರುಗಿಸಿ ನೋಡಿ,
'ಇರ್ಲಿ, ಮದಲ ಬ್ರೇಕ್ ಹಾಕು,' ಎಂದರು.