ಅದೇ ದಾರಿ, ಅದೇ ಮೈಕು

ಇಲ್ಲಿ, ಗ್ಯಾಂಬಿಯಾ ಹೊಳೆಯ ಮೇಲ್ದಂಡೆಯಲ್ಲಿ,
ಮತವೆಂದರೆ ಗೋಲಿ.
ಓದು ಬಂದವರಿಗೂ ಬಾರದವರಿಗೂ ಒಂದೇ ಗಾಜು.
ಪರದೆಯ ಹಿಂದೆ ಬಣ್ಣ ಬಳಿದ ಪೀಪಾಯಿಗಳು;
ಕೊಳವೆಯೊಳಗೆ ಬಿಟ್ಟರೆ
ಒಳಗೊಂದು ಗಂಟೆ ಟಿಣ್ಣೆನ್ನುತ್ತದೆ,
ಒಬ್ಬರಿಗೆ ಒಂದೇ ಸಲ.
ಆ ದಿನ ಮತಗಟ್ಟೆಯ ಹತ್ತಿರ
ಸೈಕಲ್ಲಿನ ಗಂಟೆಗೂ ಬಾಯಿಲ್ಲ.

ನಾನು ಯಾಂಕುಬಾ. ಗೋಲಿಗೆ ಮುಂಚಿನ ಸದ್ದು ನನ್ನದು.
ಪಿಕಪ್ಪಿನ ನೆತ್ತಿಗೆ ಬಿಗಿದ ಎರಡು ಹಾರ್ನು, ಒಂದು ಬ್ಯಾಟರಿ,
ಶುಂಠಿ ಅಗಿದಗಿದು ಉರಿಯುವ ಗಂಟಲು.
ಮದುವೆಗೆ ಕೂಗಿದ್ದೇನೆ, ತಪ್ಪಿಸಿಕೊಂಡ ಹೋರಿಗೆ ಕೂಗಿದ್ದೇನೆ,
ಆ ಏಪ್ರಿಲಿನಲ್ಲಿ ನ್ಯೀಮಾ ಡರಮ್ಮೆಗೆ ಕೂಗಿದೆ.
ಸೂಲಗಿತ್ತಿ. ಕೌನ್ಸಿಲ್ಲಿಗೆ ನಿಂತಿದ್ದಳು.
ಅವಳ ಪೀಪಾಯಿ ಹಳದಿ,
ಎದುರಾಳಿ ಫೋದೆ ಸಾಂಬಾತೆಯದು ಊದಾ.

ಮಾನೆ ಕುಂದಾದಲ್ಲಿ ಮಟಮಟ ಮಧ್ಯಾಹ್ನ.
ಬೂರುಗದ ಮರದಡಿ ಜನ ತೂಕಡಿಸುತ್ತಿದ್ದರು.
ಆಸ್ಪತ್ರೆ ಎಂದೆ, ರಸ್ತೆ ಎಂದೆ, ಒಂದು ತಲೆಯೂ ಏಳಲಿಲ್ಲ.
ಆಗ, ಚಹಾದ ಅಂಗಡಿಯಲ್ಲಿ ಕೇಳಿದ್ದು ನೆನಪಾಗಿ,
ಸುಮ್ಮನೆ ಒಂದು ಪ್ರಶ್ನೆ ಬಿಟ್ಟೆ:
ಊರ ಕೈಪಂಪಿನ ದುಡ್ಡು
ಫೋದೆಯ ಮಾಡಿಗೆ ಎಷ್ಟು ತಗಡಾಯಿತು?
ಪ್ರಶ್ನೆಗೆ ಪುರಾವೆ ಯಾಕೆ?
ತಲೆಗಳು ಎದ್ದವು.
ಮುಂದಿನೂರಲ್ಲಿ ತಗಡಿಗೆ ಸಂಖ್ಯೆ ಕೊಟ್ಟೆ. ಇಪ್ಪತ್ತು.
ತೆಪ್ಪ ದಾಟಿ ಆಚೆ ದಡಕ್ಕೆ ಕಾಲಿಡುವಷ್ಟರಲ್ಲಿ
ಹುಡುಗರು ನನಗೇ ಹೇಳಿದರು:
ಇಪ್ಪತ್ತೆರಡಂತೆ!

ರಾತ್ರಿ ನ್ಯೀಮಾ ಕರೆಸಿದಳು.
ಸೆರಗಿನ ಗಂಟು ಬಿಚ್ಚಿ ಒಂದು ಬೀಗದ ಕೈ ಚಾಪೆಯ ಮೇಲಿಟ್ಟಳು.
‘ಪಂಪಿನ ಪೆಟ್ಟಿಗೆಗೆ ಮೂರು ಬೀಗ.
ಒಂದು ಕೈ ಇದು. ದುಡ್ಡು ಒಳಗೇ ಇದೆ,
ಬಾರದಿರುವುದು ಬಿಡಿಭಾಗ. ನಿನಗೆ ಗೊತ್ತಿತ್ತೆ?’
‘ಇಲ್ಲ.’
‘ಯಾರನ್ನಾದರೂ ಕೇಳಿದೆಯಾ?’
ನಾನು ಬೀಗದ ಕೈ ನೋಡುತ್ತ ಕೂತೆ.
ಪಕ್ಷದವನೊಬ್ಬ ಗಂಟಲು ಸರಿಮಾಡಿಕೊಂಡ:
ಗೆದ್ದಮೇಲೆ ಹೇಳಿದರಾಯಿತು, ಅಕ್ಕ.
ಅವಳೆಂದಳು:
‘ಹೆರಿಗೆ ಮುಗಿದಮೇಲೆ ಕೈ ತೊಳೆಯಲೇ?’

ಬೆಳಗ್ಗೆ ಗಾಡಿಯಲ್ಲಿ ನನ್ನ ಪಕ್ಕ ಕೂತಳು.
ಅದೇ ದಾರಿ, ಅದೇ ಊರುಗಳು, ಅದೇ ಸಾಲು,
ಮೈಕಿನ ತಿರುಪು ನಿನ್ನೆ ಇದ್ದಲ್ಲೇ.
ನಾನು ಸುಳ್ಳು ಹೇಳಿದೆ.
ಪಂಪಿನ ದುಡ್ಡು ಪೆಟ್ಟಿಗೆಯಲ್ಲಿದೆ.
ಫೋದೆ ಕದ್ದಿಲ್ಲ.
‘ಇದನ್ನು ಹೇಳಿಸಿದ್ದು ನ್ಯೀಮಾ’ ಎಂದು ಸೇರಿಸಹೋದೆ;
ತಂತಿ ಕಿತ್ತಳು. ಅದೂ ಪ್ರಚಾರವೇ, ಎಂದಳು.

ನಿಜಕ್ಕೆ ಕುಣಿಯುವ ಮಕ್ಕಳಿರಲಿಲ್ಲ.
ಶೇಂಗಾ ಸುಲಿಯುತ್ತಿದ್ದ ಒಬ್ಬ ಅಜ್ಜಿ
ಫೋದೆ ಎಷ್ಟು ಕೊಟ್ಟ, ಎಂದು ಕೇಳಿದಳು.
ಸುಳ್ಳು ಒಂದೇ ದಿನದಲ್ಲಿ ಸುತ್ತಿದ ಊರುಗಳಿಗೆ
ನನಗೆ ಮೂರು ದಿನ ಹಿಡಿಯಿತು,
ಪ್ರತಿ ಊರಲ್ಲೂ ನಿಲ್ಲಿಸಿ ಕೇಳಿದರು: ಹಾಗಾದರೆ ನಿನ್ನೆ ಯಾಕೆ ಹೇಳಿದೆ?
ಕಡೆಯ ದಿನ ತೆಪ್ಪದ ಹಗ್ಗ ಹರಿದಿತ್ತು.
ನ್ಯೀಮಾ ದಡದಲ್ಲಿ ಕತ್ತಲಾಗುವತನಕ ನಿಂತಳು.
ಹಾರ್ನನ್ನು ನೀರಿನತ್ತ ತಿರುಗಿಸಿ ಕೂಗಿದೆ.
ಆಚೆ ಯಾರೋ ಬಟ್ಟೆ ಒಗೆಯುತ್ತಿದ್ದರು,
ಒಗೆಯುತ್ತಲೇ ಇದ್ದರು.

ತೂತಿನ ಹಲಗೆಯ ಮೇಲೆ ಗೋಲಿ ಸುರಿದು ಎಣಿಸಿದರು.
ಹದಿನೇಳು ಗೋಲಿಯಿಂದ ಸೋತಳು.
ಆಚೆ ದಡದಲ್ಲಿ ಮಾತ್ರ ಹಳದಿಯದೇ ಮೇಲುಗೈ ಎಂದರು.
ಆ ಮಾತಿಗೆ ಅವಳು ಮುಖ ತಿರುಗಿಸಿದಳು.
ಫೋದೆ ಬಂದು ಏನೂ ಹೇಳಲಿಲ್ಲ,
ಬರಲೂ ಇಲ್ಲ.

ಮೊನ್ನೆ ಯಾರದೋ ಕಪ್ಪು ಹಸು ಕಳೆದಿತ್ತು.
ತೆಪ್ಪ ದಾಟಿ ಕೂಗಿದೆ: ಮುರಿದ ಕೊಂಬು, ಬಿಳಿ ಬಾಲ.
ಕೂಗಿ, ಕೇಳುವವರಿಲ್ಲದೆಯೂ,
ಪಂಪಿನ ದುಡ್ಡು ಪೆಟ್ಟಿಗೆಯಲ್ಲೇ ಇತ್ತು, ಎಂದೆ.
ಯಾವ ಪಂಪು, ಎಂದರು ಹುಡುಗರು.
ಗೋಡೆಯ ನೆರಳಲ್ಲಿದ್ದ ಮುದುಕನೊಬ್ಬ ಕಣ್ಣು ಬಿಟ್ಟು
‘ಓ, ಆ ಕಳ್ಳನದಾ?’ ಎಂದ.

ಬ್ಯಾಟರಿ ನೋಡಿದೆ.
ಇನ್ನೂ ಅರ್ಧ ಇತ್ತು.