ಪಟ್ಟಿ

ಬಾಗಿಲು ಮೊದಲು ಹೇಳುತ್ತದೆ.
ಅಕುಲೀನಾಳ ಬಾಗಿಲು ಹೇಳಿ ಹೇಳಿ ದನಿ ಸೋತಿತ್ತು:
ಮೂರು ಶರತ್ಕಾಲ ಉಜ್ಜುಗೊರಡು ಕಂಡು
ಮೇಲೊಂದು ಅಗಲ, ಕೆಳಗೊಂದು ಅಗಲ,
ಆದರೂ ಚಿಲಕ ತನ್ನ ಗೂಡು ಕಾಣದೆ
ಒಂದು ಬೆರಳು ಮೇಲೆ ತಡಕಾಡುತ್ತಿತ್ತು.

ಹೊರಗೆ ಮೈನಸ್ ನಲವತ್ತಾರು.
ಯಾಕುತ್ಸ್ಕಿನ ಮಂಜು; ಎದುರು ಬಂದವರ ಮುಖಕ್ಕಿಂತ
ಮೊದಲು ಅವರ ಉಸಿರು ಕಾಣುವ ಮಂಜು.
ನನ್ನ ಚೀಲದಲ್ಲಿ ಜಿಪ್ಸಮ್ ಪುಡಿ, ರಬ್ಬರಿನ ಬಟ್ಟಲು, ಕರಣೆ,
ಒಂದು ಪೆನ್ಸಿಲು. ಪೆನ್ನಿನ ಶಾಯಿ ಇಲ್ಲಿ ದಾರಿಯಲ್ಲೇ ಕಲ್ಲಾಗುತ್ತದೆ.

"ಬಿರುಕೇ? ನಮ್ಮಲ್ಲೇ?" ಎಂದಳು.
ಗೋಡೆಗೆ ಕೆಂಪು ಜಮಖಾನ, ಅದರ ಮೇಲೆ ಕ್ಯಾಲೆಂಡರು,
ಅವೆರಡೂ ಸಾಲವೆಂಬಂತೆ ಗಂಡನ ತುಪ್ಪಳದ ಟೊಪ್ಪಿ.
ನಾನು ಏನನ್ನೂ ಎತ್ತಿ ನೋಡಲಿಲ್ಲ. ಬೇಕಿರಲಿಲ್ಲ.
ಮಂಚದ ಒಂದು ಕಾಲಿಗೆ ನಾಲ್ಕು ಬೆಂಕಿಪೊಟ್ಟಣ.
ಕಪಾಟಿಗೆ ದಾರದ ಗಂಟು, ತಾನಾಗಿ ತೆರೆಯದಿರಲೆಂದು.
ಕಾವಲಿಯ ಎಣ್ಣೆಯೆಲ್ಲ ಲೇನಾ ನದಿಯ ಕಡೆಗೆ.
ರಾತ್ರಿ ಮೂರಕ್ಕೆ ಗೋಡೆಯೊಳಗೆ ಯಾರೋ
ಕಟ್ಟಿಗೆ ಮುರಿಯುತ್ತಾರಂತೆ; ಅವಳು ಎದ್ದು
ಗ್ಯಾಸಿನ ಉರಿಗೆ ಒಂದು ಚೂರು ಬೆಣ್ಣೆ ಹಾಕಿ ಮಲಗುತ್ತಾಳಂತೆ.

ನಮ್ಮಲ್ಲಿ ನೆಲ ಗಟ್ಟಿಯಿರುವುದು ಚಳಿಯ ಋಣದಿಂದ.
ಮುತ್ತಜ್ಜಂದಿರಿಗೂ ಮೊದಲೇ ಹೆಪ್ಪುಗಟ್ಟಿದ ಮಣ್ಣು,
ಅದರೊಳಗೆ ಕಂಬ, ಕಂಬದ ಮೇಲೆ ಮನೆ,
ನಡುವೆ ಗಾಳಿಯಾಡಲು ಸೊಂಟದೆತ್ತರದ ಖಾಲಿ.
ಮೇಲಿನವರ ಬಿಸಿ ಮಣ್ಣಿಗೆ ತಿಳಿಯಬಾರದು.
ಬೆಚ್ಚಗಿದ್ದರೆ ಗುಟ್ಟಾಗಿ ಇರಬೇಕು.
ತಿಳಿಯಿತೋ, ಮಣ್ಣು ಬೆವರುತ್ತದೆ,
ಕಂಬ ಕಾಲೂರಲು ಜಾಗ ಹುಡುಕುತ್ತದೆ.

ಟಾರ್ಚು ಹಿಡಿದು ಮನೆಯಡಿಗೆ ತೆವಳಿದೆ.
ಉತ್ತರದ ಕಂಬಗಳಿಗೆಲ್ಲ ಹಿಮದ ನವಿರು, ಒಣಗಿ, ಆರೋಗ್ಯವಾಗಿ.
ಮೂಲೆಯದು ಬರಿಮೈ. ಕಪ್ಪಗೆ, ಒದ್ದೆ, ಹಬೆಯಾಡುತ್ತ.
ಮೇಲೆ ಬಚ್ಚಲ ಪೈಪಿನ ಕೀಲಿನಿಂದ ಒಂದು ತೊಟ್ಟು.
ಇನ್ನೊಂದು ತೊಟ್ಟು.
ಅವಸರವೇ ಇಲ್ಲ.

ಹೊರಬಂದು ಕೇಳಿದೆ: ಆ ಮೂಲೆಯಲ್ಲಿ ಹುಲ್ಲು ಬರುತ್ತದೆಯೇ?
ಅವಳ ಮುಖ ಅರಳಿತು.
"ಮೇ ತಿಂಗಳಲ್ಲೇ! ಇಡೀ ಬೀದಿಗೆ ಮೊದಲು!
ಪಕ್ಕದ ವರ್ವಾರಾ ಹೊಟ್ಟೆ ಉರಿದುಕೊಳ್ಳುತ್ತಾಳೆ."
ಆ ಹಸಿರಿನ ಅರ್ಥ ಹೇಳುವ ಬಾಯಿ ನನ್ನದೇ ಆಗಬೇಕಿತ್ತು.

ಕೇಳಿಸಿಕೊಂಡು, ಜಮಖಾನ ಅವಳೇ ಸರಿಸಿದಳು.
ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ಇಳಿದಿತ್ತು,
ಕೆಳಗೆ ಕೂದಲೆಳೆ, ಮೇಲೆ ನಾಣ್ಯ ತೂರುವಷ್ಟು.
ಅಡ್ಡಲಾಗಿ ಒಂದು ಗೇಣು ಜಿಪ್ಸಮ್ ಪಟ್ಟಿ ಬಳಿದೆ,
ಹಸಿಯಿರುವಾಗಲೇ ತಾರೀಖು ಕೊರೆದೆ, ಡಿಸೆಂಬರ್ 17.
ಕಚೇರಿಯಲ್ಲಿ ಇದಕ್ಕೆ ದೀಪಸ್ತಂಭವೆಂದು ಹೆಸರು. ಬೆಳಕಿಲ್ಲ;
ಮನೆ ಅಲುಗಿದರೆ ತಾನು ಮುರಿದು ಹೇಳಬೇಕು, ಅಷ್ಟೇ.
"ಈ ಪಟ್ಟಿ ಮುರಿದರೆ?"
"ಮನೆಯ ಹೆಸರು ಇನ್ನೊಂದು ಪಟ್ಟಿಗೆ ಸೇರುತ್ತದೆ."
"ಸೇರಿದರೆ?"
ಬಟ್ಟಲು ತೊಳೆಯುವ ನೆಪ ಸಿಕ್ಕಿತು ನನಗೆ.

ಮಾರ್ಚಿನಲ್ಲಿ ಹೋದೆ. ಪೈಪಿನವರು ಇನ್ನೂ ಬಂದಿರಲಿಲ್ಲ.
ಪಟ್ಟಿ ಇಡಿಯಾಗಿತ್ತು, ಬಿಳಿ, ನುಣುಪು, ಒಂದು ಗೀರೂ ಇಲ್ಲ.
ತಾರೀಖೂ ಅದೇ.
ಏಳರ ನಡುವಿಗೆ ನಾನು ಅಡ್ಡಗೆರೆ ಎಳೆಯುತ್ತೇನೆ, ಶಾಲೆಯ ಕಾಲದಿಂದಲೂ.
ಈ ಏಳಕ್ಕೆ ಗೆರೆಯಿಲ್ಲ.

ಅವಳ ಉಗುರಸಂದಿಯಲ್ಲಿ ಬಿಳಿ. ಹಿಟ್ಟೂ ಇರಬಹುದು.
"ಅಲುಗಿಲ್ಲ, ನೋಡು," ಎಂದಳು ಅಕುಲೀನಾ,
ಕುರ್ಚಿ ಎಳೆದಳು, ಹಾಲು ಹಾಕಿದ ಚಹಾ ಸುರಿದಳು.
ರಿಜಿಸ್ಟರು ನನ್ನ ಮೊಣಕಾಲ ಮೇಲೆ ತೆರೆದೇ ಇತ್ತು.
ಲೋಟ ಒಂದು ಕಡೆ ಅಂಚಿನವರೆಗೆ ತುಂಬಿತ್ತು,
ಇನ್ನೊಂದು ಕಡೆ ಅಕ್ಕಿಕಾಳಿನಷ್ಟು ಕಡಿಮೆ.
ಚಹಾ ತಾನು ಸಮನಾಗಿಯೇ ಇತ್ತು.
ಇಬ್ಬರೂ ಅದನ್ನೇ ನೋಡುತ್ತ
ಆರಲು ಬಿಟ್ಟೆವು.